ಒಂಬತ್ತನೇ ಪುಟದ ಹೆಂಗಸು

"ಊದು."

ಬೆಳಿಗ್ಗೆ ಆರೂ ಮುಕ್ಕಾಲು. ಆಸ್ಪತ್ರೆಯ ಹಿಂದಿನ ಗೇಟು. ಮೇಸ್ತ್ರಿ ಕುರ್ಚಿಯಿಂದ ಏಳುವುದಿಲ್ಲ. ಕೂತಲ್ಲೇ ಮುಖ ಎತ್ತುತ್ತಾನೆ. ನಾನು ಸೊಂಟ ಬಗ್ಗಿಸಬೇಕು. ಅವನ ಮೂಗಿನ ಹತ್ತಿರ ಬಾಯಿ ತರಬೇಕು. ಹಾ ಎಂದು ಉಸಿರು ಬಿಡಬೇಕು. ಅವನು ಕಣ್ಣು ಮುಚ್ಚಿ ಮೂಸುತ್ತಾನೆ. ಹಿಂದೆ ಸಾಲು ಗಿಡ್ಡವಿದ್ದರೆ ಒಂದು ಸಲಕ್ಕೆ ಬಿಡುತ್ತಾನೆ. ಸಾಲು ಉದ್ದವಿದ್ದರೆ, "ಸರಿಯಾಗಿ ಊದೇ, ಪೂರ್ತಿ ಬಾಯಿ ತೆಗಿ" ಎನ್ನುತ್ತಾನೆ. ನೋಡುವವರಿದ್ದಾಗ ಅವನ ಮೂಗು ಚುರುಕಾಗುತ್ತದೆ.

ಲಾಂಡ್ರಿಯಲ್ಲಿ ನಾವು ನಲವತ್ತೊಂದು ಜನ. ಊದುವವಳು ನಾನೊಬ್ಬಳೇ. ನನಗಿಂತ ಮುಂದೆ ಬಾಯ್ಲರಣ್ಣ ಒಳಗೆ ಹೋಗುತ್ತಾನೆ. ಹಿಂದಿನ ದಿನದ್ದು ಅವನ ಮೈಯಿಂದ ಇನ್ನೂ ಇಳಿದಿರುವುದಿಲ್ಲ. ಗೋಡೆ ಹಿಡಿದುಕೊಂಡು ಚಪ್ಪಲಿ ಬಿಡುತ್ತಾನೆ. ಅವನ ಕೈಯಲ್ಲಿರುವುದು ಬಾಯ್ಲರು. ಅದು ಸಿಡಿದರೆ ಅರ್ಧ ಆಸ್ಪತ್ರೆ ಹಾರಿ ಹೋಗುತ್ತದೆ. ಮೇಸ್ತ್ರಿ ಅವನನ್ನು ನೋಡಿ ಹಲ್ಲು ಕಿಸಿಯುತ್ತಾನೆ. "ಏನಣ್ಣ, ನಿನ್ನೆ ಜೋರಾಗಿತ್ತಾ?" ಗಂಡಸು ಕುಡಿದರೆ ಜೋರು. ಹೆಂಗಸು ಕುಡಿದು ಬಿಟ್ಟಿದ್ದರೂ ಬಗ್ಗಬೇಕು.

ನಾನು ಕುಡಿಯುತ್ತಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಮುಚ್ಚಿಡಲು ಈಗ ಉಳಿದಿರುವುದಾದರೂ ಏನು?

ನನ್ನ ಕೆಲಸ ರೋಲರಿನಲ್ಲಿ. ಎರಡಾಳುದ್ದದ ಬಿಸಿ ಉರುಳೆ ಅದು. ಒದ್ದೆ ಹಾಸುಬಟ್ಟೆಯ ಒಂದು ಮೂಲೆ ನಾನು ಹಿಡಿಯಬೇಕು, ಇನ್ನೊಂದು ಮೂಲೆ ಉದ್ದಕ್ಕ ಹಿಡಿಯಬೇಕು. ಉದ್ದಕ್ಕ ನನ್ನ ಜೋಡಿ. ಎತ್ತರಕ್ಕಿದ್ದಾಳೆ, ಮಾತು ಕಡಿಮೆ. ಇಬ್ಬರೂ ಒಟ್ಟಿಗೆ ಎಳೆದು ಒಟ್ಟಿಗೆ ಒಳಗೆ ಕೊಡಬೇಕು. ಒಬ್ಬಳು ಅರೆಗಳಿಗೆ ತಡ ಮಾಡಿದರೆ ಬಟ್ಟೆ ಸೊಟ್ಟಗೆ ಹೋಗಿ ಸುತ್ತಿಕೊಳ್ಳುತ್ತದೆ. ದಿನಕ್ಕೆ ಒಂಬೈನೂರು ಹಾಸುಬಟ್ಟೆ. ಸಂಜೆಗೆ ಹೆಗಲು ಯಾರದೋ ಆಗಿರುತ್ತದೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ತಡ ಮಾಡಿದೆ. ಎಡಗೈಯ ಎರಡು ಬೆರಳು ಉರುಳೆಯೊಳಗೆ ಹೋದವು. ಉದ್ದಕ್ಕ ಓಡಿಬಂದು ಗುಂಡಿ ಒತ್ತಿ ನಿಲ್ಲಿಸಿದಳು. ಬೆರಳು ಉಳಿದವು, ಮಡಚುವುದಿಲ್ಲ. ಅವತ್ತು ನಾನು ಕುಡಿದಿದ್ದೆ. ಅದು ಗೊತ್ತಿದ್ದದ್ದು ನನಗೆ ಮತ್ತು ಉದ್ದಕ್ಕನಿಗೆ ಮಾತ್ರ. ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಆಮೇಲೂ ಬಿಡಲಿಲ್ಲ ನಾನು. ಒಂದು ಭಾನುವಾರ ಹಾಡಹಗಲೇ ಕುಡಿದು ಮಲಗಿದೆ. ಒಲೆಯ ಮೇಲೆ ಪಾತ್ರೆ ಇತ್ತು. ಕೋಣೆಯೆಲ್ಲ ಹೊಗೆ. ನನ್ನ ಮಗಳು ಪುಟ್ಟಿಗೆ ಆಗ ಎಂಟು ವರ್ಷ. ಕೆಮ್ಮುತ್ತಾ ಬೀದಿಗೆ ಓಡಿ, ಸಿಕ್ಕವರ ಕೈಯಲ್ಲೆಲ್ಲ "ಅಮ್ಮ ಏಳ್ತಿಲ್ಲ, ಅಮ್ಮ ಏಳ್ತಿಲ್ಲ" ಎಂದಳಂತೆ. ಅವಳ ಅಪ್ಪ ಎಂದೋ ಬಿಟ್ಟು ಹೋಗಿದ್ದ. ನನ್ನ ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದ.

"ಒಂದು ವರ್ಷ. ಕುಡೀಬಾರ್ದು, ಕೆಲಸ ಕಳ್ಕೋಬಾರ್ದು. ಆಮೇಲೆ ಬಂದು ಕರ್ಕೊಂಡು ಹೋಗು. ಒಂದು ದಿನ ತಪ್ಪಿದ್ರೂ ಮಗಳನ್ನ ಮರೆತುಬಿಡು."

ಅಣ್ಣ ಹೇಳಿದ್ದು ತಪ್ಪು ಎನ್ನುವ ಬಾಯಿ ನನಗೆಲ್ಲಿತ್ತು?

ಆಗ ನಾನು ಟೀಚರಮ್ಮನ ಕೋಣೆಗೆ ಹೋದೆ.

ಆಕೆಯನ್ನು ಊರೆಲ್ಲ ಕುಡುಕ ಟೀಚರ್ ಎನ್ನುತ್ತಿತ್ತು. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವಳು. ಮಕ್ಕಳ ಮುಂದೆಯೇ ಕುಡಿದು ಬಿದ್ದು ಕೆಲಸ ಕಳೆದುಕೊಂಡವಳು. ಬಿಟ್ಟು ನಾಲ್ಕು ವರ್ಷವಾದ ಮೇಲೆ ಪುರಭವನದ ವೇದಿಕೆ ಹತ್ತಿ, "ನಾನು ಕುಡುಕಿ. ಇದು ಪಾಪ ಅಲ್ಲ, ಕಾಯಿಲೆ. ವಾಸಿಯಾಗುತ್ತೆ. ನೋಡಿ, ನಿಂತಿದ್ದೀನಿ" ಎಂದಳಂತೆ. ನಮ್ಮ ಕಡೆ ಒಬ್ಬ ಹೆಂಗಸು ಹಾಗೆ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಯಾರೋ ಚಪ್ಪಲಿ ಎಸೆದರು. ಆಕೆ ಆ ಚಪ್ಪಲಿಯನ್ನು ಎತ್ತಿ ಮೇಜಿನ ಮೇಲಿಟ್ಟು, "ಒಂಟಿ ಚಪ್ಪಲೀಲಿ ಮನೆಗೆ ಹೇಗೆ ಹೋಗ್ತೀರಿ? ಭಾಷಣ ಮುಗಿದ ಮೇಲೆ ತಗೊಂಡು ಹೋಗಿ" ಎಂದು ಮಾತು ಮುಂದುವರಿಸಿದಳಂತೆ. ಆಮೇಲೆ ಶಾಲೆ, ಕಾರ್ಖಾನೆ, ಪೊಲೀಸ್ ಠಾಣೆ ಎಂದು ಎಲ್ಲ ಕಡೆ ಹೋಗಿ ಇದನ್ನೇ ಹೇಳಿದಳು. ಭಾನುವಾರ ಮಧ್ಯಾಹ್ನ ಹಳೆಯ ಛಾಪಖಾನೆಯ ಹಿಂದಿನ ಕೋಣೆಯಲ್ಲಿ ನಮ್ಮಂಥವರನ್ನು ಕೂರಿಸುತ್ತಿದ್ದಳು.

ಇದೆಲ್ಲ ಕೇಳಿದ್ದೆ. ಆದರೂ ನನಗೆ ನಂಬಿಕೆ ಬರಲಿಲ್ಲ. ನಾನು ಮನುಷ್ಯರನ್ನು ನೋಡುವ ಮೊದಲು ಅವರ ಬಟ್ಟೆ ನೋಡುತ್ತೇನೆ. ತಾನೇ ಇಸ್ತ್ರಿ ಮಾಡಿಕೊಂಡವರ ಕಾಲರು ಮುಂದೆ ನೆಟ್ಟಗಿರುತ್ತದೆ, ಹಿಂದೆ ಸುಕ್ಕಿರುತ್ತದೆ. ಆಳು ಮಾಡಿದ ಕಾಲರು ಸುತ್ತಲೂ ನೆಟ್ಟಗಿರುತ್ತದೆ. ಟೀಚರಮ್ಮನ ರವಿಕೆಯ ಕಾಲರು ಸುತ್ತಲೂ ನೆಟ್ಟಗಿತ್ತು. ಓಹೋ, ಇವಳ ಬಟ್ಟೆ ಒಗೆಯಲು ನನ್ನಂಥವಳು ಒಬ್ಬಳಿದ್ದಾಳೆ ಎಂದುಕೊಂಡೆ. ಇವಳಿಗೆ ನಮ್ಮಿಂದ ಏನು ಬೇಕು? ಪುಕ್ಕಟೆ ಯಾರೂ ಕುರ್ಚಿ ಹಾಕುವುದಿಲ್ಲ.

ಆದರೂ ಕೂತೆ. ಪುಟ್ಟಿಗಾಗಿ ಕೂತೆ. ಅಲ್ಲಿ ಹೆಸರು ಕೇಳುವುದಿಲ್ಲ. ಒಳಗೆ ಆಡಿದ ಮಾತು ಬಾಗಿಲು ದಾಟುವುದಿಲ್ಲ, ಅದೇ ಕಟ್ಟಳೆ. ಆರನೇ ವಾರ ನಾನು ರೋಲರಿನ ಕಥೆ ಹೇಳಿದೆ. ಬೆರಳು ತೋರಿಸಿದೆ. ಅತ್ತೆ. ಟೀಚರಮ್ಮ ಸಮಾಧಾನ ಹೇಳಲಿಲ್ಲ. ಒಂದು ಲೋಟ ನೀರು ಕೊಟ್ಟು, "ಮುಂದಿನ ವಾರವೂ ಬಾ" ಎಂದಳು ಅಷ್ಟೆ. ಹೋದೆ. ಒಂದೊಂದೇ ದಿನ ಹಲ್ಲು ಕಚ್ಚಿ ತಳ್ಳಿದೆ. ನಿಜ ಹೇಳಬೇಕೆಂದರೆ ಕುಡಿತ ಬಿಟ್ಟದ್ದು ಆ ಕೋಣೆಯಲ್ಲೇ.

ಏಳನೇ ತಿಂಗಳಲ್ಲಿ ಪುಸ್ತಿಕೆ ಬಂತು.

ತೆಳ್ಳನೆಯದು. ನೀಲಿ ರಟ್ಟು. "ಕುಡಿತ ಕಾಯಿಲೆ, ತಿಳಿಯಿರಿ" ಎಂದು ಹೊರಗೆ ಬರೆದಿತ್ತು. ಟೀಚರಮ್ಮ ಬರೆದದ್ದು. ಆಸ್ಪತ್ರೆಯ ಎಲ್ಲ ವಿಭಾಗಕ್ಕೂ ಹಂಚಿದರು. ಊಟದ ಹೊತ್ತಿಗೆ ಲಾಂಡ್ರಿಯ ಗಂಡಸರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂಬತ್ತನೇ ಪುಟ. "ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ರೋಲರ್ ಕೆಲಸ ಮಾಡುವ ಒಬ್ಬ ಮಹಿಳೆ, ಕುಡಿದ ಅಮಲಿನಲ್ಲಿ ತನ್ನ ಎಡಗೈಯ ಎರಡು ಬೆರಳುಗಳನ್ನು..."

ಓದುವವನು ನಿಲ್ಲಿಸಿದ. ಎಲ್ಲರ ಕಣ್ಣೂ ನನ್ನ ಕೈಗೆ ಬಂದವು. ನನ್ನ ಕೈಯಲ್ಲಿ ತುತ್ತಿತ್ತು. ಅದನ್ನು ಬಾಯಿಗಿಡಲೂ ಆಗಲಿಲ್ಲ, ತಟ್ಟೆಗೆ ಹಾಕಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಗೇಟಿಗೆ ಕುರ್ಚಿ ಹಾಕಿಸಿದ. ಗಂಡಸರು ನನಗೆ ಹೆಸರಿಟ್ಟರು. "ಏ ಒಂಬತ್ತನೇ ಪುಟ, ದಾರಿ ಬಿಡು."

ನಾಲ್ಕು ತಿಂಗಳು ಊದಿದೆ. ಯಾಕೆ ಊದಿದೆ ಎಂದು ಕೇಳಬೇಡಿ. ಕೆಲಸ ಹೋದರೆ ಪುಟ್ಟಿ ಹೋದಳು. ಅವನ ಮೂಗಿಗೆ ಊದಿದ ಒಂದೊಂದು ಉಸಿರೂ ನನ್ನ ಮಗಳ ಕಡೆಗೆ ಒಂದೊಂದು ಹೆಜ್ಜೆ ಎಂದುಕೊಂಡೆ. ಟೀಚರಮ್ಮನ ಕೋಣೆಗೆ ಹೋಗುವುದನ್ನು ನಿಲ್ಲಿಸಿದೆ. ಕುಡಿಯಲಿಲ್ಲ. ಆ ಹಠಕ್ಕೇ ಕುಡಿಯಲಿಲ್ಲ.

ಹನ್ನೊಂದು ತಿಂಗಳು ತುಂಬಿದ ಭಾನುವಾರ ಅಣ್ಣನ ಮನೆಗೆ ಹೋದೆ. ತಿಂಗಳಿಗೊಮ್ಮೆ ಒಂದು ಗಂಟೆ ನೋಡಬಹುದು, ಅದು ಅಣ್ಣನ ಲೆಕ್ಕ. ಬಾಗಿಲು ತೆರೆದವಳು ಪುಟ್ಟಿ. ನಾನು ತೋಳು ಚಾಚಿದೆ. ಅವಳು ಬರಲಿಲ್ಲ. ನನ್ನ ಮುಂದೆ ನಿಂತು ಗಲ್ಲ ಮೇಲೆತ್ತಿ ಕಣ್ಣು ಮುಚ್ಚಿಕೊಂಡಳು.

"ಅಮ್ಮ, ಊದು."

ನನಗೆ ಅರ್ಥವಾಗಲಿಲ್ಲ ಎಂದು ನಟಿಸಿದೆ. "ಏನೇ ಅದು?"

"ಊದಮ್ಮ. ಆಮೇಲೆ ತಬ್ಕೋತೀನಿ. ಮಾವ ಹೇಳಿದಾರೆ."

ಒಳಗಿನಿಂದ ಅಣ್ಣ ಬಂದ. ಅವನ ಮುಖದಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಅದೇ ಹೆಚ್ಚು ಉರಿಸಿತು. "ಮೊನ್ನೆ ನಿಮ್ಮ ಗೇಟ್ ಮುಂದೆ ಹೋಗ್ತಿದ್ದೆ, ನೋಡ್ದೆ. ಒಳ್ಳೆ ಪದ್ಧತಿ ಇಟ್ಟಿದಾರೆ. ಮಗೂಗೂ ಒಂದು ಧೈರ್ಯ ಇರಲಿ ಅಂತ ಹೇಳ್ಕೊಟ್ಟೆ."

ನಾನು ಬಗ್ಗಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಮೂಗಿಗೆ ಬಾಯಿ ತಂದು ಊದಿದೆ. ಅವಳು ಮೇಸ್ತ್ರಿಯ ಹಾಗೇ ಮೂಸಿದಳು. ನಂತರ, "ಏನಿಲ್ಲ ಮಾವ!" ಎಂದು ಒಳಕ್ಕೆ ಕೂಗಿ ನನ್ನ ಕೊರಳಿಗೆ ಜೋತುಬಿದ್ದಳು. ನನ್ನ ಕೈ ಅವಳ ಬೆನ್ನ ಮೇಲಿತ್ತು. ನನ್ನ ಜೀವ ಎಲ್ಲಿತ್ತೋ ಗೊತ್ತಿಲ್ಲ.

ಅಲ್ಲಿಂದ ಸೀದಾ ಛಾಪಖಾನೆಯ ಹಿಂದಿನ ಕೋಣೆಗೆ ಹೋದೆ. ಎಲ್ಲರೂ ಎದ್ದು ಹೋಗಿದ್ದರು. ಟೀಚರಮ್ಮ ಒಬ್ಬಳೇ ಕೂತು ನೀಲಿ ಪುಸ್ತಿಕೆಗಳನ್ನು ಕಟ್ಟು ಕಟ್ಟುತ್ತಿದ್ದಳು. ಎರಡನೇ ಮುದ್ರಣವಂತೆ. ಬೆಂಕಿ ಬಿತ್ತು ನನ್ನ ಮೈಗೆ.

"ಇನ್ನೂ ಎಷ್ಟು ಜನಕ್ಕೆ ಹಂಚ್ತೀರಿ ನನ್ನ?"

ಆಕೆ ತಲೆ ಎತ್ತಿದಳು. ಏನೂ ತಿಳಿಯದವಳ ಹಾಗೆ ನೋಡಿದಳು. "ನಿನ್ನ ಹೆಸರು ಎಲ್ಲೂ ಹಾಕಿಲ್ಲವಲ್ಲ. ಯಾವ ಆಸ್ಪತ್ರೆ ಅಂತಾನೂ ಹಾಕಿಲ್ಲ. ಮುಚ್ಚಿಯೇ ಬರೆದಿದ್ದೀನಿ."

"ನಮ್ಮಂಥವರಿಗೆ ಹೆಸರು ಯಾರು ಕೇಳ್ತಾರೆ ಟೀಚರಮ್ಮ? ಲಾಂಡ್ರಿಯವಳು ಅಂತಾರೆ. ರೋಲರಿನವಳು ಅಂತಾರೆ. ಬೆರಳು ಸುಟ್ಕೊಂಡವಳು ಅಂತಾರೆ. ಮೂರೂ ಬರೆದುಬಿಟ್ರಿ. ಇನ್ನೇನು ಮುಚ್ಚಿದ್ರಿ?"

ಆಕೆಯ ಕೈ ನಿಂತಿತು. ಓದಿದವಳು, ಊರೂರು ತಿರುಗಿದವಳು. ಇಷ್ಟು ಹೊಳೆದಿರಲಿಲ್ಲ. ಹೆಸರು ಬಿಟ್ಟರೆ ಮನುಷ್ಯ ಮುಚ್ಚಿಹೋಗುತ್ತಾನೆ ಎಂದು ನಂಬಿದ್ದಳು. ಹೆಸರಿರುವವರು ಮಾಡುವ ತಪ್ಪು ಅದು.

ಗೇಟಿನ ಕಥೆ ಹೇಳಿದೆ. ಪುಟ್ಟಿಯ ಕಥೆಯನ್ನೂ ಹೇಳಿದೆ. ಹೇಳುವಾಗಲೇ ಅನುಮಾನ ಬಂತು, ಇದನ್ನೂ ಮೂರನೇ ಮುದ್ರಣಕ್ಕೆ ಹಾಕಿಬಿಟ್ಟಾಳು ಎಂದು. ಟೀಚರಮ್ಮ ಪುಸ್ತಿಕೆಯ ಕಟ್ಟನ್ನು ಪಕ್ಕಕ್ಕೆ ತಳ್ಳಿದಳು.

"ನಾನು ಬಂದು ಆ ಮೇಸ್ತ್ರಿ ಹತ್ರ ಮಾತಾಡ್ತೀನಿ."

"ಬೇಡ. ನೀವು ಬಾಯಿ ತೆಗೆದಾಗಲೆಲ್ಲ ನಾನು ಬಾಯಿ ತೆಗೀಬೇಕಾಗುತ್ತೆ."

"ಬುಧವಾರ ನಿಮ್ಮ ಆಸ್ಪತ್ರೆಯಲ್ಲೇ ನನ್ನ ಭಾಷಣ ಇದೆ. ದೊಡ್ಡ ಸಾಹೇಬರು ಕರೆದಿದ್ದಾರೆ. ಅಲ್ಲಿ..."

ಓಹೋ, ಎಂದುಕೊಂಡೆ. ಸಾಹೇಬರ ಕಡೆಯವಳು. "ಅಲ್ಲಿ ನನ್ನ ಸುದ್ದಿ ಎತ್ತಬೇಡಿ. ನಿಮ್ಮ ಕಥೆ ಹೇಳ್ಕೊಳ್ಳಿ. ನಂದು ನನಗಿರಲಿ" ಎಂದು ಬಾಗಿಲು ಎಳೆದುಕೊಂಡು ಬಂದೆ.

ಬುಧವಾರ ಊಟದ ಕೋಣೆಯಲ್ಲಿ ಮೇಜು ಸರಿಸಿ ಬೆಂಚು ಹಾಕಿದ್ದರು. ಹಂಚಿದ್ದ ನೀಲಿ ಪುಸ್ತಿಕೆಯನ್ನು ಎಲ್ಲರೂ ತರಬೇಕೆಂದು ಅಪ್ಪಣೆಯಾಗಿತ್ತು. ಮುಂದೆ ದಾದಿಯರು, ಗುಮಾಸ್ತರು. ಹಿಂದೆ ನಾವು. ವೇದಿಕೆಯ ಮೇಲೆ ದೊಡ್ಡ ಸಾಹೇಬರು. ಟೀಚರಮ್ಮನಿಗೆ ಹೂಗುಚ್ಛ ಕೊಟ್ಟರು. ಆಕೆ ಎದ್ದು ನಿಂತು, "ನಾನು ಕುಡುಕಿ" ಎಂದಳು. ತಾನು ಹೇಗೆ ಬಿದ್ದೆ, ಯಾರು ಉಗಿದರು, ಬೆಳಗಾದರೆ ಕೈ ಹೇಗೆ ನಡುಗುತ್ತಿತ್ತು, ಎಲ್ಲ ಹೇಳಿದಳು. ನನ್ನ ಸುದ್ದಿ ಎತ್ತಲಿಲ್ಲ. ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಈಗ ಎತ್ತುತ್ತಾಳೆ, ಈಗ ಎತ್ತುತ್ತಾಳೆ. ಎತ್ತಲಿಲ್ಲ.

ಎತ್ತಿದವನು ಮೇಸ್ತ್ರಿ. ಚಪ್ಪಾಳೆ ನಿಲ್ಲುವ ಮುಂಚೆಯೇ ಎದ್ದು ಬಂದ.

"ಸಾಹೇಬ್ರೇ, ಮೇಡಂ ಪುಸ್ತಕ ಓದಿ ನಮ್ಮ ವಿಭಾಗದಲ್ಲಿ ಆಗಲೇ ಜಾರಿಗೆ ತಂದಿದ್ದೀನಿ. ದಿನಾ ಗೇಟಲ್ಲೇ ಪರೀಕ್ಷೆ. ನಾಲ್ಕು ತಿಂಗಳಿಂದ ಒಂದು ತೊಟ್ಟು ಮುಟ್ಟಿಲ್ಲ ಇವಳು. ಇಲ್ಲೇ ತೋರಿಸ್ತೀನಿ ನೋಡಿ." ಹಿಂದಕ್ಕೆ ತಿರುಗಿ ಬೆರಳು ಆಡಿಸಿದ. "ಏ, ಬಾರೇ ಇಲ್ಲಿ. ಎಲ್ಲರ ಮುಂದೆ ಊದು."

ನಾನು ಎದ್ದೆ. ಕಾಲು ತಾವಾಗಿ ನಡೆದವು. ಅವನು ವೇದಿಕೆಯ ಕೆಳಗಿನ ಕುರ್ಚಿಯಲ್ಲಿ ಕೂತು ಮುಖ ಎತ್ತಿದ. ನನ್ನ ಸೊಂಟ ತಾನಾಗಿ ಬಗ್ಗಿತು. ಯಾರೂ ಬಗ್ಗಿಸಲಿಲ್ಲ. ನಾಲ್ಕು ತಿಂಗಳಲ್ಲಿ ಅದು ಕಲಿತುಬಿಟ್ಟಿತ್ತು. ಅವನ ಮುಚ್ಚಿದ ಕಣ್ಣು ನೋಡಿದೆ. ಹೀಗೇ ಕಣ್ಣು ಮುಚ್ಚಿದ್ದಳು ನನ್ನ ಮಗಳು.

ನೆಟ್ಟಗಾದೆ.

"ಊದಲ್ಲ."

ಅವನು ಕಣ್ಣು ಬಿಟ್ಟ. "ಏನಂದೆ?"

"ಊದಲ್ಲ ಅಂದೆ. ಇವತ್ತೂ ಇಲ್ಲ, ನಾಳೆನೂ ಇಲ್ಲ."

"ಹಾಗಾದ್ರೆ ಕುಡಿದಿದ್ದೀಯ."

"ಕುಡಿದಿಲ್ಲ. ಹನ್ನೊಂದು ತಿಂಗಳಾಯ್ತು. ಬಾಯಿ ಬಿಟ್ಟು ಹೇಳ್ತಿದ್ದೀನಿ, ಕೇಳ್ಕೋ. ಬಾಯಿರೋದು ಮಾತಾಡೋಕೆ, ನಿನ್ನ ಮೂಗಿಗೆ ಗಾಳಿ ಹಾಕೋಕಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಸ್ತ್ರಿಯ ಕಿವಿ ಕೆಂಪಾಯಿತು. "ಸಾಹೇಬ್ರ ಮುಂದೆ ಹೀಗಾ? ಇವಳಿಗೆ ಒಳ್ಳೇದು ಮಾಡೋಕೆ ಹೋದ್ರೆ..."

ನಾನು ಟೀಚರಮ್ಮನ ಕಡೆ ಕೈ ತೋರಿಸಿದೆ. "ಅವರೂ ಕುಡುಕಿ. ಈಗ ತಾನೇ ಅವರೇ ಹೇಳಿದ್ರು. ಗೇಟಲ್ಲಿ ಅವರನ್ನ ಊದಿಸಿದ್ರಾ?"

"ಥೂ, ಅವರು ಮೇಡಂ ಕಣೇ!"

"ಅದನ್ನೇ ನಾನೂ ಹೇಳ್ತಿರೋದು. ಅವರಿಗೆ ಬಂದ್ರೆ ಕಾಯಿಲೆ, ನನಗೆ ಬಂದ್ರೆ ಚಟ. ಅವರಿಗೆ ಹೂವು, ನನಗೆ ನಿನ್ನ ಮೂಗು. ಬಾಯ್ಲರಣ್ಣನಿಗೆ ಏನು? ಹೇಳು, ಅವನಿಗೆ ಏನು?"

ಬಾಯ್ಲರಣ್ಣ ನೆಲ ನೋಡಿದ.

ಟೀಚರಮ್ಮ ವೇದಿಕೆಯಿಂದ ಇಳಿದಳು. ಬಂತು ನೋಡು, ಈಗ ತಬ್ಬಿಕೊಳ್ಳುತ್ತಾಳೆ, ಯಾರೋ ಫೋಟೋ ತೆಗೆಯುತ್ತಾರೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಕೆ ನನ್ನ ಹತ್ತಿರ ಬರಲಿಲ್ಲ. ಹೂಗುಚ್ಛವನ್ನು ಮೇಸ್ತ್ರಿಯ ತೊಡೆಯ ಮೇಲಿಟ್ಟು ಮೊದಲ ಸಾಲಿನ ದಾದಿಯ ಕೈಯಿಂದ ಪುಸ್ತಿಕೆ ತೆಗೆದುಕೊಂಡಳು. ಒಂಬತ್ತನೇ ಪುಟ ಹರಿದಳು.

"ಇದು ನಾನು ಕೇಳದೆ ಬರೆದದ್ದು" ಎಂದಳು. "ನಂಬಿ ಹೇಳಿದ ಮಾತನ್ನ ಕದ್ದು ಬರೆದೆ. ಎಲ್ಲರೂ ಆ ಪುಟ ವಾಪಸ್ ಕೊಡಿ."

ಒಬ್ಬೊಬ್ಬರ ಮುಂದೆಯೂ ನಿಂತು ಇಸಿದುಕೊಂಡಳು. ಒಂದೊಂದನ್ನೂ ತಾನೇ ಹರಿದಳು. ಬಹಳ ಹೊತ್ತು ಹಿಡಿಯಿತು. ಸಾಹೇಬರು ಗಡಿಯಾರ ನೋಡಿದರು, ಆಕೆ ನೋಡಲಿಲ್ಲ. ನನ್ನನ್ನು ದಾಟಿ ಹೋಗುವಾಗ ಆಕೆಯ ಕಾಲರಿನ ಹಿಂಭಾಗ ಕಂಡಿತು. ಸುಕ್ಕಿತ್ತು. ತಾನೇ ಇಸ್ತ್ರಿ ಮಾಡಿಕೊಂಡಿದ್ದಳು. ಒಗೆಯುವವಳು ಅವತ್ತು ರಜಾ ಹಾಕಿರಲೂಬಹುದು. ನನಗೇನು ಗೊತ್ತು?

ಮರುದಿನ ಗೇಟಿನಲ್ಲಿ ಕುರ್ಚಿ ಅಲ್ಲೇ ಇತ್ತು. ಮೇಸ್ತ್ರಿ ಅದರ ಮೇಲಿದ್ದ.

"ಊದಿದ್ರೆ ಒಳಗೆ. ಇಲ್ಲಾಂದ್ರೆ ಮನೆಗೆ."

ನಾನು ಬಾಯಿ ಮುಚ್ಚಿ ಗೋಡೆಗೆ ಒರಗಿ ನಿಂತೆ. ಮೂರು ವಾರ ಉಳಿದಿತ್ತು ಅಷ್ಟೆ. ಇನ್ನು ಮೂರು ವಾರ ಊದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಒಳಗೊಬ್ಬಳು ಕೇಳುತ್ತಲೇ ಇದ್ದಳು. ಎಲ್ಲರೂ ಒಳಗೆ ಹೋದರು. ಉದ್ದಕ್ಕ ಹೋದಳು. ನನ್ನ ಮುಖ ಕೂಡ ನೋಡಲಿಲ್ಲ. ಆಗಲಿ, ನಾನು ಯಾರನ್ನು ನಂಬಿದ್ದೆ?

ಏಳೂವರೆಗೆ ಒಳಗಿನಿಂದ ಮೇಸ್ತ್ರಿಗೆ ಕರೆ ಬಂತು. ರೋಲರಿನ ಮುಂದೆ ಉದ್ದಕ್ಕ ಕೈಕಟ್ಟಿ ನಿಂತಿದ್ದಾಳೆ. ಇನ್ನೊಬ್ಬಳನ್ನು ಜೋಡಿ ಕೊಟ್ಟರೆ, "ಅವಳ ಕೈಗೆ ನನ್ನ ಕೈ ಹೊಂದಲ್ಲ. ಬೆರಳು ಹೋದ್ರೆ ನೀನು ಕೊಡ್ತೀಯಾ?" ಎನ್ನುತ್ತಾಳಂತೆ. ಒಂದು ಜೋಡಿ ನಿಂತರೆ ಒದ್ದೆ ಬಟ್ಟೆ ರಾಶಿ ಬೀಳುತ್ತದೆ. ರಾಶಿ ಬಿದ್ದರೆ ಒಗೆಯುವವರ ಕೈ ನಿಲ್ಲುತ್ತದೆ. ಒಂಬತ್ತಕ್ಕೆ ಎಲ್ಲ ನಿಂತಿತು. ಕೊಳೆ ಬಟ್ಟೆಯ ಗಂಟು ಬಿಚ್ಚುವ ಅಜ್ಜಿ ಗೇಟಿಗೆ ಬಂದು ಮೇಸ್ತ್ರಿಯ ಮುಖಕ್ಕೆ ಮುಖ ಕೊಟ್ಟಳು.

"ನನ್ನನ್ನೂ ಮೂಸು ಮಗನೇ. ಹಸಿ ಈರುಳ್ಳಿ ತಿಂದು ಬಂದಿದೀನಿ. ಪೂರ್ತಿ ಬಾಯಿ ತೆಗೀಲಾ?"

ಹತ್ತಕ್ಕೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹಾಸುಬಟ್ಟೆ ಎಲ್ಲಿ ಎಂದು ಕೂಗು ಬಂತು. ಹತ್ತೂ ಕಾಲಿಗೆ ದೊಡ್ಡ ಸಾಹೇಬರೇ ಇಳಿದು ಬಂದರು. ಕುರ್ಚಿ ನೋಡಿದರು, ನನ್ನನ್ನು ನೋಡಿದರು. "ತೆಗೀರಿ ಇದನ್ನ" ಎಂದರು. ಕುರ್ಚಿಗೆ ಹೇಳಿದರೋ ನನಗೆ ಹೇಳಿದರೋ ಒಂದು ಕ್ಷಣ ತಿಳಿಯಲಿಲ್ಲ. ಮೇಸ್ತ್ರಿ ಕುರ್ಚಿ ಎತ್ತಿಕೊಂಡು ಹೋದ. ನನ್ನ ಕೈಗೊಂದು ಕಾಗದ ಕೊಟ್ಟರು. ಅವಿಧೇಯತೆಗಾಗಿ ಎಚ್ಚರಿಕೆ. ಸಹಿ ಹಾಕಿ ಒಳಗೆ ಹೋದೆ. ಇಷ್ಟು ಸುಲಭಕ್ಕೆ ಬಿಟ್ಟರಲ್ಲ, ಇದರ ಹಿಂದೆ ಏನಿದೆಯೋ ಎಂದು ಇವತ್ತಿಗೂ ಗೇಟು ದಾಟುವಾಗ ಒಮ್ಮೆ ತಿರುಗಿ ನೋಡುತ್ತೇನೆ.

ಉದ್ದಕ್ಕ ತನ್ನ ಮೂಲೆ ಹಿಡಿದು ನಿಂತಿದ್ದಳು. "ತಡ ಮಾಡ್ದೆ" ಎಂದಳು ಅಷ್ಟೆ.

ಎಚ್ಚರಿಕೆ ಕಾಗದದ ಸುದ್ದಿ ನನಗಿಂತ ಮೊದಲು ಅಣ್ಣನ ಮನೆ ಸೇರಿತ್ತು. ಭಾನುವಾರ ನನ್ನ ಸರದಿಯಲ್ಲದಿದ್ದರೂ ಹೋದೆ. ಅಣ್ಣ ಬಾಗಿಲಿಗೆ ಅಡ್ಡ ನಿಂತಿದ್ದ.

"ಊದೋಕೇನು ಕಷ್ಟ ನಿನಗೆ? ಕುಡಿದಿಲ್ಲ ಅಂದ್ರೆ ಊದು, ಮುಗೀತು. ಊದಲ್ಲ ಅಂದ್ರೆ ಏನಂತ ತಿಳ್ಕೋಬೇಕು? ವರ್ಷ ಮತ್ತೆ ಮೊದಲಿಂದ ಶುರು."

"ಅಣ್ಣ, ಮಗಳನ್ನ ಕರಿ. ಅವಳ ಹತ್ರ ಮಾತಾಡ್ಬೇಕು."

ಕರೆಯಬೇಕಾಗಿರಲಿಲ್ಲ. ಪುಟ್ಟಿ ಅವನ ಪಕ್ಕದಿಂದ ನುಸುಳಿ ಬಂದು ನನ್ನ ಮುಂದೆ ನಿಂತಳು. ಗಲ್ಲ ಎತ್ತಿದಳು. ಕಣ್ಣು ಮುಚ್ಚಿದಳು.

ಬಗ್ಗಬೇಕೆನಿಸಿತು. ಒಂದೇ ಒಂದು ಉಸಿರು. ಊದಿದರೆ ಅವಳು ಕೊರಳಿಗೆ ಬೀಳುತ್ತಾಳೆ. ಊದದಿದ್ದರೆ ಒಳಗೆ ಹೋಗಿಬಿಡಬಹುದು. ಗೇಟಿನಲ್ಲಿ ನಿಂತದ್ದು ಇದರ ಮುಂದೆ ಏನೂ ಅಲ್ಲ. ಮೊಣಕಾಲೂರಿ ಅವಳ ಎತ್ತರಕ್ಕೆ ಕೂತೆ.

"ಊದಲ್ಲ ಪುಟ್ಟಿ. ಕಣ್ಣು ಬಿಡು. ನನ್ನ ಮುಖ ನೋಡು. ಏನು ಬೇಕೋ ಕೇಳು, ಹೇಳ್ತೀನಿ."

ಅವಳು ಕಣ್ಣು ಬಿಟ್ಟಳು. ಬಹಳ ಹೊತ್ತು ನೋಡಿದಳು. ನನ್ನ ಮಗಳೇ ಅವಳು, ಬೇಗ ನಂಬುವ ಜಾತಿಯಲ್ಲ.

"ಕುಡಿದಿದ್ದೀಯಾ?"

"ಇಲ್ಲ."

ಇನ್ನೂ ನೋಡಿದಳು. ನಂತರ ನನ್ನ ಎಡಗೈ ಎತ್ತಿಕೊಂಡು, ಮಡಚದ ಆ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮೂಸಿ ನೋಡೇ ಮೊದಲು" ಎಂದ ಅಣ್ಣ ಹಿಂದಿನಿಂದ.

ಪುಟ್ಟಿ ತಿರುಗಲೂ ಇಲ್ಲ.

"ಕೇಳಿದೆನಲ್ಲ ಮಾವ. ಇಲ್ಲ ಅಂದ್ಲಲ್ಲ."